ಕರೆಂಟ್ ಹೋದಾಗ ಓಡಿ ಬರುವವಳು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಹಾಲು ಹಾಕುವವನಿಂದ ಹಿಡಿದು ಮೂಲೆಯ ಔಷಧಿ ಅಂಗಡಿಯವನವರೆಗೆ ಎಲ್ಲರ ಬಾಯಲ್ಲೂ ಕಂಡಕ್ಟರಮ್ಮ. ಬಸ್ಸು ಬಿಟ್ಟು ಮನೆಯಲ್ಲಿ ಕೂತು ಎರಡು ವರ್ಷ ದಾಟಿದ್ದರೂ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಅದೇನು ಸಾಮಾನ್ಯ ಕಂಡಕ್ಟರಿಕೆಯೇ ಅವಳದು! ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಹಿಂಬಾಗಿಲಿನಿಂದ ಮುಂಬಾಗಿಲಿಗೆ ಒಬ್ಬರ ಕಾಲನ್ನೂ ತುಳಿಯದೆ ನುಸುಳಿ ಹೋಗಿಬರುತ್ತಿದ್ದಳು. ಚಿಲ್ಲರೆ ಇಲ್ಲ ಎಂದು ಹಲ್ಲುಕಿರಿಯುವವರನ್ನು ಒಂದೇ ನೋಟಕ್ಕೆ ನೆಟ್ಟಗೆ ಮಾಡುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಊರನ್ನು ಈ ತುದಿಯಿಂದ ಆ ತುದಿಗೆ ಅಳೆದವಳು. ಅಂಥವಳ ಪ್ರಪಂಚ ಈಗ ಅಡುಗೆಮನೆ, ಹಿತ್ತಿಲಿನ ಬಟ್ಟೆ ತಂತಿ, ಮುಂದಿನ ಗೇಟು, ಇಷ್ಟಕ್ಕೇ ಬಂದು ನಿಂತಿತ್ತು.

ಕಾರಣ ಅತ್ತೆಯ ಕೋಣೆಯಲ್ಲಿದ್ದ ಒಂದು ಯಂತ್ರ. ಅತ್ತೆ ಹಿಟ್ಟಿನ ಗಿರಣಿ ನಡೆಸಿದವಳು. ಗಂಡ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳನ್ನು ಸಾಕಿದ್ದು, ಕೆಳಗೊಂದು ಮೇಲೊಂದು ಎಂದು ಈ ಮನೆ ಕಟ್ಟಿಸಿದ್ದು ಎಲ್ಲ ಆ ಗಿರಣಿಯೇ. ಕೊನೆಗೆ ಅವಳ ಶ್ವಾಸಕೋಶ ತಿಂದುಹಾಕಿದ್ದೂ ಅದೇ. ಮೋಟರಿನ ಸದ್ದನ್ನು ಮೀರಿಸಿ ಕೂಗಿ ಕೂಗಿ ಬಲಿತ ಗಂಟಲು ಅವಳದು, ಒಂದು ಕಾಲಕ್ಕೆ ಇಡೀ ಬೀದಿಗೆ ಕೇಳುತ್ತಿತ್ತು. ಈಗ ಒಂದು ಮಾತು ಮುಗಿಸಲು ನಡುವೆ ಎರಡು ಸಲ ಉಸಿರು ಎಳೆದುಕೊಳ್ಳಬೇಕು. ಮಂಚದ ಪಕ್ಕದ ಯಂತ್ರ ಗಾಳಿಯಿಂದ ಆಮ್ಲಜನಕವನ್ನು ಸೋಸಿ, ಸಣ್ಣ ಕೊಳವೆಯಲ್ಲಿ ಅವಳ ಮೂಗಿಗೆ ಕೊಡುತ್ತಿತ್ತು. ಕರೆಂಟ್ ಇರುವಷ್ಟು ಹೊತ್ತು ಎಲ್ಲ ಸರಿ. ಕರೆಂಟ್ ಹೋಯಿತೋ, ಕೀಂ ಎಂದು ಒಮ್ಮೆ ಅರಚಿ ಯಂತ್ರ ಸುಮ್ಮನಾಗುತ್ತಿತ್ತು. ಆಗ ಯಾರಾದರೂ ಓಡಿಹೋಗಿ ಯಂತ್ರದ ಗುಂಡಿ ಆರಿಸಿ, ಮೂಲೆಯಲ್ಲಿ ನಿಲ್ಲಿಸಿದ ಸಿಲಿಂಡರಿನ ಕೀಲಿ ತಿರುಗಿಸಿ, ಗಾಜಿನ ನಳಿಗೆಯೊಳಗಿನ ಗುಂಡು ವೈದ್ಯರು ಹೇಳಿದ ಗೆರೆಗೆ ಏರಿತೇ ಎಂದು ನೋಡಿ, ಕೊಳವೆಯನ್ನು ಅದಕ್ಕೆ ಸಿಕ್ಕಿಸಬೇಕು. ಆಮೇಲೆ ಕೊಳವೆ ಮಡಚಿಕೊಳ್ಳದಂತೆ ಮಂಚದ ಕಾಲಿಗೆ ಎರಡು ಸುತ್ತು ಸುತ್ತಿ ಮಿಕ್ಕ ಉದ್ದವನ್ನು ಸುತ್ತಿನೊಳಗೆ ತುರುಕಬೇಕು. ಈ ಕೊನೆಯದು ಯಾವ ವೈದ್ಯರೂ ಹೇಳಿದ್ದಲ್ಲ, ಟಿಕೆಟ್ ಸುರುಳಿಯ ತುದಿಯನ್ನು ಒಳಗೆ ಸಿಕ್ಕಿಸಿ ಸಿಕ್ಕಿಸಿ ಅಭ್ಯಾಸವಾದ ಕೈಯದು.

ಯಾರಾದರೂ ಎಂದರೆ ಯಾರು? ಗಂಡ ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಮೈದುನ ಡ್ರೈವಿಂಗ್ ಶಾಲೆ ನಡೆಸುತ್ತಿದ್ದ, ಅವನು ಮನೆಗೆ ಬರುವುದಕ್ಕೆ ಹೊತ್ತುಗೊತ್ತು ಇರಲಿಲ್ಲ. ಮೇಲಿನ ಮನೆಯಲ್ಲಿ ಓರಗಿತ್ತಿ ಇದ್ದಳು, ಮುಂದಿನ ಕೋಣೆಯಲ್ಲೇ ಬ್ಯೂಟಿಪಾರ್ಲರ್ ಇಟ್ಟುಕೊಂಡು ದಿನವಿಡೀ ಮನೆಯಲ್ಲೇ ಇರುವವಳು. ಆದರೆ ಸಿಲಿಂಡರ್ ಕಂಡರೆ ಅವಳಿಗೆ ಕೈಕಾಲು ನಡುಕ. ಕುದಿಯುವ ಮೇಣವನ್ನು ಊರ ಹೆಂಗಸರ ಮುಖಕ್ಕೆ ಬಳಿದು ಚರ್ರನೆ ಕೀಳುವಾಗ ಮಾತ್ರ ಆ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಇರಲಿ. ಅತ್ತೆಗೂ ಬೇರೆಯವರ ಕೈ ಆಗದು. ಒಮ್ಮೆ ಮಗ ಸಿಕ್ಕಿಸಲು ಹೋದಾಗ ಅವನು ತಡವರಿಸಿದ್ದಕ್ಕಿಂತ ಹೆಚ್ಚಾಗಿ ಅವಳೇ ಒದ್ದಾಡಿದ್ದಳು. ಹೀಗಾಗಿ ಕಂಡಕ್ಟರಮ್ಮ ಸ್ವಲ್ಪ ದಿನಕ್ಕೆಂದು ಸಂಬಳವಿಲ್ಲದ ರಜೆ ಹಾಕಿದಳು. ಸ್ವಲ್ಪ ದಿನ ಎಂಬುದು ಎಲ್ಲಿಗೆ ಮುಗಿಯುತ್ತದೆಂದು ಯಾರೂ ಕೇಳಲಿಲ್ಲ. ಮಕ್ಕಳಿರಲಿಲ್ಲವಾದ್ದರಿಂದ ಅವಳಿಗೇನು ಬೇರೆ ಕೆಲಸ ಎಂದು ನೆಂಟರೂ ಧಾರಾಳವಾಗಿ ಹೇಳಿದರು. ಕರೆಂಟಿನ ಮಾತು ಬಂದಾಗಲೆಲ್ಲ ಮನೆಯಲ್ಲಿ ಒಂದೇ ಉತ್ತರ: ಅವಳಿದ್ದಾಳಲ್ಲ.

ಅತ್ತೆಗೆ ಕೂಗಿ ಕರೆಯಲು ಆಗದ್ದರಿಂದ ಮಂಚದ ಪಕ್ಕ ಒಂದು ಸ್ಟೀಲ್ ಲೋಟ, ಒಂದು ಚಮಚ ಇಟ್ಟಿದ್ದರು. ಮೊದಲ ವಾರವೇ ಕಂಡಕ್ಟರಮ್ಮ ತಮಾಷೆಗೆ ಬಸ್ಸಿನ ನಿಯಮ ಹೇಳಿಕೊಟ್ಟಿದ್ದಳು. ನಾವು ಒಂದು ಸೀಟಿ ಊದಿದರೆ ಗಾಡಿ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ನೀವೂ ಹಾಗೇ ಮಾಡಿ, ಒಂದು ಸಲ ಬಡಿದರೆ ನಾನು ಬರುತ್ತೇನೆ, ಎರಡು ಬಡಿದರೆ ಎಲ್ಲ ಸರಿಯಾಗಿದೆ, ನನ್ನ ಕೆಲಸಕ್ಕೆ ಹೋಗುತ್ತೇನೆ. ಅತ್ತೆ ನಕ್ಕು ತಲೆಯಾಡಿಸಿದ್ದಳು. ಆವತ್ತಿನಿಂದ ಇವತ್ತಿನವರೆಗೆ ಒಂದು ಸಲ ಬಡಿದದ್ದಕ್ಕೆ ಲೆಕ್ಕವೇ ಇಲ್ಲ. ಎರಡು ಸಲ ಒಂದು ದಿನವೂ ಬಡಿದದ್ದಿಲ್ಲ.

ಇದರಿಂದ ಕಂಡಕ್ಟರಮ್ಮನಿಗೆ ಆದದ್ದೇನೆಂದರೆ, ಮೈಯೆಲ್ಲ ಕಿವಿಯಾಯಿತು. ಸ್ನಾನಕ್ಕೆ ಹೋದರೂ ಬಾಗಿಲು ಅರ್ಧ ತೆರೆದೇ ಇರಬೇಕು. ಮಿಕ್ಸಿ ತಿರುಗಿಸಿದರೆ ನಡುನಡುವೆ ನಿಲ್ಲಿಸಿ ಯಂತ್ರದ ಗುಂಯ್ ಸದ್ದು ಇದೆಯೇ ಎಂದು ಕೇಳಿಸಿಕೊಳ್ಳಬೇಕು. ಪಕ್ಕದ ಮನೆಯ ಮದುವೆಗೆ ಹೋದವಳು ಊಟಕ್ಕೆ ಕೂತ ಹಾಗೇ ಎದ್ದು ಬಂದಿದ್ದಳು, ಛತ್ರದ ದೀಪ ಒಮ್ಮೆ ಮಿನುಗಿತು ಎಂಬ ಒಂದೇ ಕಾರಣಕ್ಕೆ. ಗೇಟಿನ ಬಳಿ ನಿಂತು, ಬೀದಿಯ ತುದಿಯಲ್ಲಿ ತಿರುಗುವ ಬಸ್ಸುಗಳನ್ನು ನೋಡುತ್ತಿದ್ದಳು. ಹೊಸ ಕಂಡಕ್ಟರುಗಳು ಸೀಟಿಯನ್ನು ಎಳೆದೆಳೆದು ಊದುವುದು ಕೇಳಿ, ಇವರಿಗೆ ಯಾರಪ್ಪಾ ಕಲಿಸಿದ್ದು ಎಂದು ಮೂಗು ಮುರಿಯುತ್ತಿದ್ದಳು. ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅಳು ಬರುತ್ತಿತ್ತು. ಅಳಲೂ ಪುರುಸೊತ್ತಿಲ್ಲ, ಟಣ್ ಎಂದು ಲೋಟ ಕರೆಯುತ್ತಿತ್ತು.

ಒಂದು ದಿನ ಅವಳ ಹಳೆಯ ಬಸ್ಸಿನ ಡ್ರೈವರ್ ಮನೆಗೆ ಬಂದು, ಕೂರದೆ ನಿಂತೇ ವಿಷಯ ಹೇಳಿದ. ಡಿಪೋಗೆ ಹೊಸ ಮ್ಯಾನೇಜರ್ ಬಂದಿದ್ದಾರೆ. ದೀರ್ಘ ರಜೆಯಲ್ಲಿರುವವರು ಈ ತಿಂಗಳು ಮುಗಿಯುವುದರೊಳಗೆ ಹಾಜರಾಗದಿದ್ದರೆ ಹೆಸರು ತೆಗೆಯುತ್ತಾರಂತೆ. ಬೇಗ ಏನಾದರೂ ಮಾಡಿ ಅಕ್ಕ ಎಂದು ಹೇಳಿ ಹೊರಟುಹೋದ. ಆವತ್ತು ರಾತ್ರಿ ಊಟದ ಹೊತ್ತಿಗೆ ಕಂಡಕ್ಟರಮ್ಮ ಗಂಡನ ತಟ್ಟೆಗೆ ಅನ್ನ ಬಡಿಸಿ, ಕೈಯಲ್ಲಿ ಸೌಟು ಹಿಡಿದುಕೊಂಡೇ ನಿಂತಳು. ಮನೆಗೊಂದು ಬದಲಿ ಕರೆಂಟಿನ ವ್ಯವಸ್ಥೆ ಮಾಡಿಸಿ, ಇನ್ವರ್ಟರೋ ಇನ್ನೊಂದೋ, ಯಾವುದಾದರೂ ಸರಿ, ಯಂತ್ರ ನಿಲ್ಲದಿದ್ದರೆ ನಾನು ಕೆಲಸಕ್ಕೆ ಹೋಗಬಹುದು ಎಂದಳು.

ಗಂಡ ಅನ್ನ ಕಲಸುತ್ತಾ, "ನೋಡೋಣ" ಎಂದ.

ಇವನ ಬಗ್ಗೆ ಎರಡು ಮಾತು ಹೇಳಲೇಬೇಕು. ಅವನು ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವವನು. ಗಿರಾಕಿ ಒಣಗಿದ ಎಲೆ ತಂದು ತೋರಿಸಲಿ, ಹಳೆಯ ಕುಪ್ಪಸದ ಚೂರು ತಂದು ತೋರಿಸಲಿ, ತದ್ರೂಪ ಅದೇ ಬಣ್ಣ ತೆಗೆದುಕೊಡುತ್ತಿದ್ದ. ಆದರೆ ಆರಿಸುವುದು ಗಿರಾಕಿಯ ಕೆಲಸ, ಬೆರೆಸುವುದಷ್ಟೇ ಅವನದು. ಸ್ವಂತ ಮನೆಯ ಹಾಲಿಗೆ ಯಾವ ಬಣ್ಣವೆಂದು ನೋಡಲು ಗೋಡೆಯ ಮೇಲೆ ಅಂಗೈಯಗಲದ ಪಟ್ಟಿಗಳನ್ನು ಬಳಿದಿದ್ದ. ವರ್ಷಗಳಾದರೂ ಆ ಪಟ್ಟಿಗಳೇ ಉಳಿದು, ಬಂದವರೆಲ್ಲ ಇದೇನು ಹೊಸ ವಿನ್ಯಾಸವೇ ಎಂದು ಕೇಳುತ್ತಿದ್ದರು. ಮೈದುನನ ಬಾಯಲ್ಲಿ ಅಣ್ಣನಿಗೆ ನೋಡೋಣ ಎಂದೇ ಹೆಸರು. ಕೆಟ್ಟವನಲ್ಲ, ಪಾಪ. ತಾಯಿಯ ಮೇಲೆ ಪ್ರೀತಿ ಇತ್ತು, ಹೆಂಡತಿಯ ಮೇಲೂ ಇತ್ತು. ಎರಡರಲ್ಲಿ ಒಂದನ್ನು ಆರಿಸು ಎಂಬಂಥ ಸಂದರ್ಭ ಬಂದರೆ ಮಾತ್ರ ಆಸಾಮಿ ಮೀನಮೇಷ ಎಣಿಸುತ್ತಾ ಕೂತುಬಿಡುತ್ತಿದ್ದ.

ಆದರೂ ಈ ಸಲ ಅವನು ಅಂಗಡಿಗಳಿಗೆ ಅಲೆದ. ಪ್ರತಿ ಸಂಜೆ ಒಂದು ಹೊಸ ದರಪಟ್ಟಿ, ಒಂದು ಹೊಸ ಅನುಮಾನ ಹೊತ್ತುಕೊಂಡು ಬರುತ್ತಿದ್ದ. ಮಾತುಕತೆ ಅತ್ತೆಯ ಕೋಣೆಯಲ್ಲೇ ನಡೆಯಬೇಕು, ಉಸಿರು ಅವಳದಲ್ಲವೇ? ಮೈದುನ ಕಾಲಿನ ಮೇಲೆ ಕಾಲು ಹಾಕಿಕೊಂಡು, ಕಲಿಯುವವರಿಗೆ ಗೇರು ಹೇಳಿಕೊಡುವ ಧಾಟಿಯಲ್ಲಿ, ಇದೆಲ್ಲ ಬೇಡ, ಒಂದು ಡೀಸೆಲ್ ಜನರೇಟರ್ ಇಟ್ಟರೆ ಇಡೀ ಮನೆ ನಡೆಯುತ್ತದೆ ಎಂದ. ಓರಗಿತ್ತಿಗೂ ಅದೇ ಬೇಕಾಗಿತ್ತು, ಅವಳ ಕೂದಲು ಒಣಗಿಸುವ ಯಂತ್ರಗಳೂ ನಡೆಯುತ್ತವಲ್ಲ. ಅತ್ತೆ ಉಸಿರು ಎಳೆದುಕೊಂಡು, ಇರುವ ಚೂರುಪಾರು ಶ್ವಾಸಕೋಶವನ್ನೂ ಹೊಗೆ ಹಾಕಿ ಮುಗಿಸುತ್ತೀರಾ ಎಂದು ಕೇಳಿದಳು. ಅದು ನಿಜವೇ ಆಗಿತ್ತು, ಜನರೇಟರಿನ ಮಾತು ಬಿದ್ದುಹೋಯಿತು. ಸೋಲಾರ್ ಹಾಕಿಸೋಣವೆಂದರೆ, ಮೋಡ ಕವಿದರೆ ನಾನೇನು ಮಾಡಲಿ ಎಂದಳು. ಇನ್ವರ್ಟರ್ ಎಂದರೆ, ಬ್ಯಾಟರಿಯ ಆಸಿಡ್ ವಾಸನೆ ಆಗದು ಎಂದಳು. ಪ್ರತಿಯೊಂದು ಆಕ್ಷೇಪಣೆಯಲ್ಲೂ ಎಲ್ಲೋ ಒಂದು ಹನಿ ಸತ್ಯ ಇರುತ್ತಿತ್ತು. ಗಂಡನಿಗೆ ಅಷ್ಟೇ ಸಾಕು, ನೋಡೋಣ ಎಂದು ದರಪಟ್ಟಿ ಮಡಚುತ್ತಿದ್ದ. ಬಾಗಿಲಿಗೆ ಒರಗಿ ನಿಂತ ಕಂಡಕ್ಟರಮ್ಮ ಒಬ್ಬರಾದ ಮೇಲೆ ಒಬ್ಬರ ಬಾಯಿ ನೋಡುತ್ತಿದ್ದಳು. ತಿಂಗಳು ಕರಗುತ್ತಿತ್ತು.

ಕೊನೆಗೆ ಒಬ್ಬ ಇನ್ವರ್ಟರ್ ಅಂಗಡಿಯವನನ್ನು ಅವಳೇ ಮನೆಗೆ ಕರೆಸಿದಳು. ಮಾತಿನ ಮಲ್ಲ. ವಾಸನೆಯೇ ಇಲ್ಲದ ಬ್ಯಾಟರಿ, ಹೊಗೆ ಇಲ್ಲ, ಸದ್ದಿಲ್ಲ, ಈ ಯಂತ್ರವನ್ನು ಇಡೀ ದಿನ ಎಳೆಯುತ್ತದೆ ಎಂದು ಪೆಟ್ಟಿಗೆಯ ಮೇಲೆ ಕೈಯಾಡಿಸಿದ. ಕರೆಂಟ್ ಹೋದ ಮರುಕ್ಷಣ ಇದು ಹಿಡಿದುಕೊಳ್ಳುತ್ತದೆ, ಯಂತ್ರ ಕೀಂ ಎನ್ನುವುದೂ ಇಲ್ಲ, ನೀವು ನಿದ್ದೆಯಲ್ಲಿರಿ, ಬೇರೆ ಊರಿನಲ್ಲಿರಿ, ಚಿಂತೆಯೇ ಬೇಡ ಎಂದ. ಮೈದುನನೂ ತಲೆದೂಗಿದ. ಕಂಡಕ್ಟರಮ್ಮನ ಎದೆ ಹಗುರಾಯಿತು. ಇದಕ್ಕೆ ಇನ್ನೇನು ಕೊಂಕು ತೆಗೆದಾರು?

ಅತ್ತೆ ಅಂಗಡಿಯವನ ಮುಖವನ್ನೇ ನೋಡುತ್ತಿದ್ದಳು. "ಕರೆಂಟ್ ಹೋಗಿದ್ದು... ಯಾರಿಗೂ ಗೊತ್ತಾಗಲ್ವಾ?"

"ಯಾರಿಗೂ ಗೊತ್ತಾಗಲ್ಲಮ್ಮ," ಎಂದ ಅವನು ಹೆಮ್ಮೆಯಿಂದ.

ಅತ್ತೆ ಗೋಡೆಯ ಕಡೆ ಹೊರಳಿ, ಬೇಡ ಎಂದಳು. ಯಾಕೆಂದು ಕೇಳಿದರೆ ಬಾಯಿ ಬಿಡಲಿಲ್ಲ. ಕಂಡಕ್ಟರಮ್ಮ ಅಡುಗೆಮನೆಗೆ ಬಂದು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಮುದುಕಿಗೆ ತನ್ನ ಮೇಲೇನು ಹಗೆ ಎಂದು ಅವಳಿಗೆ ತಿಳಿಯಲಿಲ್ಲ. ಆವತ್ತು ಮೊದಲ ಸಲ ಅವಳಿಗೆ ಅತ್ತೆಯ ಮೇಲೆ ನಿಜವಾದ ಸಿಟ್ಟು ಬಂತು.

ತಿಂಗಳ ಕೊನೆಯ ಶುಕ್ರವಾರ ಅವಳು ಡಿಪೋಗೆ ಹೊರಟಳು. ಇನ್ನೂ ಒಂದು ತಿಂಗಳು ಬೇಡಿಕೊಳ್ಳೋಣ ಎಂದು. ಎದುರಿಗೇ ನಿಂತು ಓರಗಿತ್ತಿಯಿಂದ ಮಾತು ತೆಗೆದುಕೊಂಡಳು: ಕೆಳಗೇ ಕೂತಿರಬೇಕು, ಕೀಂ ಎಂದರೆ ಸಿಲಿಂಡರ್ ಹಾಕಬೇಕು, ಹೇಗೆಂದು ಎರಡು ಸಲ ತೋರಿಸಿದ್ದೂ ಆಯಿತು. ಗೇಟು ದಾಟುವಷ್ಟರಲ್ಲಿ ಲೋಟ ಟಣ್ ಎಂದಿತು, ವಾಪಸು ಬಂದಳು, ಅತ್ತೆಗೆ ದಿಂಬು ಸರಿ ಮಾಡಬೇಕಿತ್ತು. ಮತ್ತೆ ಹೊರಟಳು, ಮತ್ತೆ ಟಣ್. ನೀರು ಬೇಕಿತ್ತು. ಮೂರನೆಯ ಸಲ ಟಣ್ ಎಂದಾಗ ಅವಳು ಕೇಳಿಸದವಳ ಹಾಗೆ ಹೋದಳು. ಬೀದಿಯ ತಿರುವಿನವರೆಗೂ ಬೆನ್ನು ಸುಡುತ್ತಿದ್ದ ಹಾಗಿತ್ತು.

ಮ್ಯಾನೇಜರ್ ಕುರ್ಚಿ ತೋರಿಸಿ ಕೂರಿಸಿ, ನೀರು ತರಿಸಿಕೊಟ್ಟು, ಮೆತ್ತಗೆ ಮಾತಾಡಿದರು. ಮೆತ್ತಗಿನ ಮಾತೇ ಹೆಚ್ಚು ಚುಚ್ಚಿತು. ತನ್ನ ಕೈಯಲ್ಲಿ ಏನೂ ಇಲ್ಲ, ಸೋಮವಾರ ಬೆಳಿಗ್ಗೆ ಸಮವಸ್ತ್ರದಲ್ಲಿ ಬಂದು ಡ್ಯೂಟಿ ತೆಗೆದುಕೊಳ್ಳಿ, ಇಲ್ಲವಾದರೆ ಬಿಟ್ಟೆ ಅಂತ ಬರೆದುಕೊಡಿ ಎಂದರು. ಬರುತ್ತೇನೆ ಎನ್ನಲೂ ಆಗದೆ, ಬಿಟ್ಟೆ ಎನ್ನಲೂ ಆಗದೆ ಎದ್ದು ಬಂದಳು. ಅಂಗಳದಲ್ಲಿ ಸಾಲಾಗಿ ನಿಂತ ಬಸ್ಸುಗಳ ಡೀಸೆಲ್ ವಾಸನೆ ಮೂಗಿಗೆ ಬಡಿಯಿತು. ಊರೆಲ್ಲ ಮೂಗು ಮುಚ್ಚಿಕೊಳ್ಳುವ ಆ ವಾಸನೆಗೆ ಅವಳ ಕಣ್ಣು ತುಂಬಿತು.

ಹಿಂದಿರುಗುವಾಗ ತನ್ನ ಹಳೆಯ ರೂಟಿನ ಬಸ್ಸನ್ನೇ ಹತ್ತಿ ಕಿಟಕಿಯ ಪಕ್ಕ ಕೂತಳು. ಅರ್ಧ ದಾರಿಯಲ್ಲಿ ಬಸ್ಸು ನಿಂತಿತು. ಮುಂದೆ ಬಸ್ಸು, ಹಿಂದೆ ಲಾರಿ, ಎಡಬಲಕ್ಕೆ ಸ್ಕೂಟರು. ತಲೆ ಹೊರಗೆ ಹಾಕಿ ನೋಡಿದರೆ ವೃತ್ತದ ಸಿಗ್ನಲ್ ಕಂಬದಲ್ಲಿ ಕೆಂಪೂ ಇಲ್ಲ, ಹಸಿರೂ ಇಲ್ಲ. ಕರೆಂಟ್ ಹೋಗಿದೆ. ರಸ್ತೆಯ ಎರಡೂ ಬದಿಯ ಅಂಗಡಿಗಳೊಳಗೆ ಕತ್ತಲು. ಕ್ಷೌರದ ಅಂಗಡಿಯವನು ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನು ಕುರ್ಚಿಯ ಸಮೇತ ಹೊರಗೆ ಬೆಳಕಿಗೆ ಎಳೆದು ತಂದಿದ್ದ. ಓರಗಿತ್ತಿಗೆ ಫೋನ್ ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಬಸ್ಸು ಒಂದಿಂಚೂ ಅಲ್ಲಾಡಲಿಲ್ಲ. ಬಾಗಿಲ ಬಳಿ ನಿಂತ ಜನರನ್ನು ತಳ್ಳಿಕೊಂಡು ಕೆಳಗಿಳಿದಳು. ಇಷ್ಟು ವರ್ಷದಲ್ಲಿ ಜನರ ಕಾಲು ತುಳಿದದ್ದು ಅದೇ ಮೊದಲು.

ಓಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಡಿಗಳ ಸಂದಿಯಲ್ಲಿ ಓಡಿದಳು. ದಾರಿಯುದ್ದಕ್ಕೂ ಅವಳಿಗೆ ಕಾಣುತ್ತಿದ್ದದ್ದು ಮಂಚದ ಮೇಲೆ ಬಾಯಿ ತೆರೆದ ಅತ್ತೆಯ ಮುಖ ಒಂದೇ. ಮೂರನೆಯ ಸಲ ಲೋಟ ಬಡಿದದ್ದು ಕೇಳಿಯೂ ಬಂದೆನಲ್ಲ, ದೇವರೇ, ಕೆಲಸ ಹಾಳಾಗಿ ಹೋಗಲಿ, ಮುದುಕಿಗೆ ಏನೂ ಆಗದಿರಲಿ ಎಂದು ಓಡಿದಳು.

ಗೇಟು ತಳ್ಳಿದಾಗ ಅದು ಎಂದಿನಂತೆ ಕಿರ್ರೆಂದಿತು. ಮುಂಬಾಗಿಲಿಗೆ ಹೋಗಬೇಕಾದರೆ ಅತ್ತೆಯ ಕೋಣೆಯ ಕಿಟಕಿ ದಾಟಿ ಹೋಗಬೇಕು. ಕಿಟಕಿಯ ಬಳಿ ಅವಳ ಕಾಲು ತಾನಾಗಿ ನಿಂತಿತು.

ಅತ್ತೆ ಮಂಚದ ಮೇಲೆ ನೆಟ್ಟಗೆ ಕೂತಿದ್ದಳು. ಕೊಳವೆ ಸಿಲಿಂಡರಿಗೆ ಸಿಕ್ಕಿತ್ತು. ಯಂತ್ರದ ಗುಂಡಿ ಆರಿತ್ತು. ಗಾಜಿನ ನಳಿಗೆಯಲ್ಲಿ ಗುಂಡು ಗೆರೆಯ ಮೇಲೆ ಸರಿಯಾಗಿ ನಿಂತಿತ್ತು. ಕೊಳವೆಯನ್ನು ಮಂಚದ ಕಾಲಿಗೆ ಎರಡು ಸುತ್ತು ಸುತ್ತಿ ಮಿಕ್ಕ ಉದ್ದವನ್ನು ಸುತ್ತಿನೊಳಗೆ ತುರುಕಿದ್ದೂ ಆಗಿತ್ತು. ಗೇಟಿನ ಸದ್ದು ಯಾರದೆಂದು ಕಿವಿಗೊಟ್ಟಿದ್ದ ಅತ್ತೆ ಈಗ ಗಡಬಡಿಸಿ ಸಿಲಿಂಡರಿನ ಕೀಲಿ ತಿರುಗಿಸಿ ಮುಚ್ಚಿದಳು. ಸುತ್ತು ಬಿಚ್ಚಿದಳು. ಕೊಳವೆ ಕಿತ್ತು, ಸತ್ತುಬಿದ್ದಿದ್ದ ಯಂತ್ರಕ್ಕೆ ಸಿಕ್ಕಿಸಿ, ಗುಂಡಿಯನ್ನೂ ಮೊದಲಿನಂತೆ ಒತ್ತಿದಳು. ಮಲಗಿ, ಹೊದಿಕೆ ಎಳೆದುಕೊಂಡು, ಬಾಯಿ ತೆರೆದು ಏದುಸಿರು ಬಿಡತೊಡಗಿದಳು. ಆಮೇಲೆ ಕೈ ಚಾಚಿ ಲೋಟಕ್ಕೆ ಒಮ್ಮೆ ಬಡಿದಳು. ಟಣ್.

ಕಂಡಕ್ಟರಮ್ಮ ಒಳಗೆ ಬಂದಳು. ಯಂತ್ರ ಆರಿಸಿದಳು, ಕೀಲಿ ತಿರುಗಿಸಿದಳು, ಕೊಳವೆ ಸಿಕ್ಕಿಸಿದಳು, ಸುತ್ತಿದಳು, ಮಿಕ್ಕದ್ದನ್ನು ಒಳಗೆ ತುರುಕಿದಳು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಮೈಯೆಲ್ಲ ಬೆವರು. ನೆಲದ ಮೇಲೆ ಕೂತುಕೊಂಡು, ಅತ್ತೆಯ ಮುಖ ನೋಡದೆ ಕೇಳಿದಳು.

"ಯಾವಾಗಿಂದ?"

ಏನು ಯಾವಾಗಿಂದ ಎಂದು ಅತ್ತೆ ಕೇಳಲಿಲ್ಲ. ನಾಟಕದ ಏದುಸಿರು ನಿಂತು, ಅವಳ ಮಾಮೂಲಿ ಉಸಿರು ಬಂತು. "ಮೊದಲ ವರ್ಷದಿಂದ. ದಿನಾ ನೋಡ್ತಿದ್ನಲ್ಲ, ಬಂತು."

ಆಗ ಕಂಡಕ್ಟರಮ್ಮನ ಕಟ್ಟೆ ಒಡೆಯಿತು. ಬಸ್ಸಿನಲ್ಲಿ ಕುಡುಕರಿಗೂ ಗದರದ ಹಾಗೆ ಗದರಿದಳು. ಬಾಗಿಲು ಹಾಕಿಕೊಂಡು ಸ್ನಾನ ಮಾಡಿ ಎಷ್ಟು ದಿನವಾಯಿತು ಗೊತ್ತೇ, ಹೆತ್ತ ತಾಯಿಯ ತಿಥಿಗೆ ತವರಿಗೆ ಹೋಗಲಿಲ್ಲ ಗೊತ್ತೇ, ಸೋಮವಾರ ಹೋಗದಿದ್ದರೆ ನನ್ನ ಕೆಲಸವೇ ಹೋಯಿತು, ಅದಾದರೂ ಗೊತ್ತೇ ಎಂದು ಒಂದರ ಮೇಲೊಂದು ಕೇಳಿದಳು. ನನ್ನನ್ನು ಇಲ್ಲಿ ಕಟ್ಟಿಹಾಕಿ ನಿಮಗೆ ಸಿಕ್ಕಿದ್ದಾದರೂ ಏನು ಎಂದಳು.

ಅತ್ತೆ ತಡೆದು ತಡೆದು, ನಡುನಡುವೆ ಉಸಿರು ಎಳೆದುಕೊಳ್ಳುತ್ತಾ ಹೇಳಿದಳು.

"ಗಿರಣೀಲಿ ಕರೆಂಟ್ ಹೋದ್ರೆ ಜನ ಸುತ್ತ ಕೂತ್ಕೊಂಡು ಮಾತಾಡೋರು. ಇಲ್ಲಿ ನೀವು ಊಟ ತಂದಿಡ್ತೀರ, ಹೋಗ್ತೀರ. ಮಾತ್ರೆ ಕೊಡ್ತೀರ, ಹೋಗ್ತೀರ. ಕರೆಂಟ್ ಹೋದಾಗ ಮಾತ್ರ ನೀನು ಓಡಿ ಬರ್ತೀಯ. ಈ ಮನೇಲಿ ನನಗೋಸ್ಕರ ಯಾರಾದ್ರೂ ಓಡಿ ಬರೋದು ಅದೊಂದೇ ಹೊತ್ತು ಕಣೇ."

ಕಂಡಕ್ಟರಮ್ಮನಿಗೆ ಸಿಟ್ಟು ಇನ್ನೂ ಇತ್ತು, ಎಲ್ಲಿ ಇಡಬೇಕೆಂದು ಮಾತ್ರ ತಿಳಿಯಲಿಲ್ಲ. ಊಟ ತಂದಿಟ್ಟು ಹೋಗುವುದು ನಿಜವೇ ಆಗಿತ್ತು. ದಿನವಿಡೀ ಕಿವಿಯನ್ನು ಈ ಕೋಣೆಯಲ್ಲೇ ಬಿಟ್ಟಿದ್ದಳು, ಆದರೆ ಬಂದು ಕೂತು ನಾಲ್ಕು ಮಾತಾಡಿದ್ದು ಯಾವಾಗ? ಯಂತ್ರ ಸುಮ್ಮನಿದ್ದರೆ ಸಾಕೆಂದು ಅವಳೂ ಹೊರಗೇ ಉಳಿದಿದ್ದಳು. ಅತ್ತೆ ಅವಳ ಮೊಣಕೈ ಹಿಡಿದು, ಅವರಿಗೆ ಹೇಳಬೇಡ, ನಾನೇ ಹಾಕಿಕೊಳ್ಳುತ್ತೇನೆಂದು ಗೊತ್ತಾದರೆ ಒಬ್ಬರೂ ಈ ಕಡೆ ತಲೆ ಹಾಕುವುದಿಲ್ಲ ಎಂದಳು. ಗಿರಣಿಯ ಆ ದೊಡ್ಡ ಕೈ ಈಗ ಹಗುರವಾಗಿತ್ತು.

ಅಷ್ಟರಲ್ಲಿ ಓರಗಿತ್ತಿ ಬಂದಳು. ಹೇಗೂ ಕರೆಂಟ್ ಇದೆಯಲ್ಲ ಎಂದು ಮೂಲೆಯ ಅಂಗಡಿಯವರೆಗೆ ಹೋಗಿದ್ದಳಂತೆ, ಫೋನು ಮೇಲೇ ಬಿಟ್ಟಿದ್ದಳಂತೆ. ತಾನಿಲ್ಲದ ಹೊತ್ತಿನಲ್ಲೇ ಕರೆಂಟ್ ಹೋದದ್ದು ತಿಳಿದು ಗೊಳೋ ಎಂದು ಅತ್ತಳು. ಸಂಜೆ ಗಂಡ, ಮೈದುನ ಇಬ್ಬರೂ ಬಂದು ಮಂಚದ ಸುತ್ತ ನಿಂತಾಗ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಸಿಲಿಂಡರ್ ಹಾಕಿದವರು ಯಾರು ಎಂಬ ಪ್ರಶ್ನೆ ಬಂದೇ ಬಂತು. ಅತ್ತೆ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತುತ್ತಾ ಕಂಡಕ್ಟರಮ್ಮನನ್ನು ನೋಡಿದಳು. ನಿಜ ಹೇಳಿದ್ದರೆ ಆ ಕ್ಷಣವೇ ಅವಳಿಗೆ ಬಿಡುಗಡೆ. ಯಾವ ಇನ್ವರ್ಟರೂ ಬೇಕಾಗಿರಲಿಲ್ಲ.

"ನಾನೇ. ಹೊತ್ತಿಗೆ ಸರಿಯಾಗಿ ಬಂದೆ," ಎಂದಳು ಕಂಡಕ್ಟರಮ್ಮ.

ಗಂಡನಿಗೆ ಎದೆಯ ಮೇಲಿನ ಕಲ್ಲು ಇಳಿಯಿತು. ಹೆಂಡತಿಯನ್ನು ಮೆಚ್ಚುಗೆಯಿಂದ ನೋಡಿ, ನೀನಿರುವಾಗ ಏನು ಭಯ ಎಂದ. ಅವಳಿರುವಾಗ ಸದ್ಯಕ್ಕೇನೂ ಅವಸರವಿಲ್ಲ, ಇನ್ನೊಂದು ಕಂಪನಿಯ ಬ್ಯಾಟರಿಯೂ ಬರುತ್ತಿದೆಯಂತೆ, ನೋಡೋಣ ಎಂದ. ತನ್ನ ಒಂದು ಸುಳ್ಳಿನಿಂದ ಬಾಗಿಲು ಹೇಗೆ ಮುಚ್ಚಿಕೊಂಡಿತೆಂದು ಕಂಡಕ್ಟರಮ್ಮ ನಿಂತಲ್ಲೇ ಕಂಡಳು. ಎಲ್ಲರೂ ನಿರಾಳವಾಗಿ ಕೋಣೆಯಿಂದ ಹೊರಡುತ್ತಿದ್ದರು. ಅತ್ತೆಯ ಮುಖ ಮತ್ತೆ ಗೋಡೆಯ ಕಡೆಗೆ ತಿರುಗಿತ್ತು.

"ನೋಡಿದ್ದಾಯ್ತು," ಎಂದಳು ಕಂಡಕ್ಟರಮ್ಮ. "ಸೋಮವಾರ ನಾನು ಡ್ಯೂಟಿಗೆ ಹೋಗ್ತೀನಿ. ನಾಳೆ ಇನ್ವರ್ಟರ್ ಬರುತ್ತೆ. ನಾನೇ ಹೇಳಿ ಬರ್ತೀನಿ, ನೀವ್ಯಾರೂ ಬರೋದು ಬೇಡ."

ಮರುದಿನ ಅಂಗಡಿಯವನ ಮುಂದೆ ಕೂತು ಅವಳು ಕೇಳಿದ್ದನ್ನು ಕೇಳಿ ಆತ ಕಕ್ಕಾಬಿಕ್ಕಿಯಾದ. ಅದೇ ಇನ್ವರ್ಟರ್ ಇರಲಿ, ಯಂತ್ರ ಒಂದು ಕ್ಷಣವೂ ನಿಲ್ಲಬಾರದು. ಆದರೆ ಕರೆಂಟ್ ಹೋದ ಕೂಡಲೇ ಗಂಟೆ ಬಾರಿಸಬೇಕು. ಒಂದು ಗಂಟೆ ಕೆಳಗಿನ ಹಾಲಿನಲ್ಲಿ, ಇನ್ನೊಂದು ಮೇಲಿನ ಮನೆಯಲ್ಲಿ, ಪಾರ್ಲರಿನ ಕನ್ನಡಿಯ ನೆತ್ತಿಯ ಮೇಲೇ. ಸಣ್ಣ ಸದ್ದಲ್ಲ, ಸತ್ತವರೂ ಎದ್ದು ಕೂರಬೇಕು. ಅದನ್ನು ನಿಲ್ಲಿಸುವ ಗುಂಡಿ ಇಡೀ ಮನೆಗೆ ಒಂದೇ, ಅದು ಅತ್ತೆಯ ಕೋಣೆಯಲ್ಲಿ, ಅವರ ಕೈಗೆ ಎಟುಕದ ಕಡೆ, ಮಂಚದ ಆಚೆಯ ಗೋಡೆಗೆ. ನಿಲ್ಲಿಸಬೇಕಾದವರು ಅವರ ಪಕ್ಕವೇ ಹಾದುಹೋಗಬೇಕು. ಆತ ತಲೆ ಕೆರೆದುಕೊಂಡು, ಎಲ್ಲರೂ ಸದ್ದು ಬೇಡ ಎನ್ನುತ್ತಾರೆ, ನೀವೊಬ್ಬರೇ ಸದ್ದು ಬೇಕು ಎನ್ನುತ್ತಿರುವುದು ಎಂದ. ಹೌದು, ನನಗೆ ಸದ್ದೇ ಬೇಕು ಎಂದಳು. ಭಾನುವಾರ ಬೆಳಿಗ್ಗೆ ಬಂದ ಕೆಲಸದವನು ತಂತಿ ಎಳೆಯುವಾಗ ಓರಗಿತ್ತಿ, ಇದೇನು ನನ್ನ ಗಿರಾಕಿಗಳನ್ನು ಓಡಿಸುವ ಪ್ಲಾನೇ ಎಂದು ಗೊಣಗಿದಳು. ಅತ್ತೆ ಮಾತ್ರ ಈ ಸಲ ಆಸಿಡ್ ವಾಸನೆಯ ಮಾತೆತ್ತಲಿಲ್ಲ. ಗುಂಡಿ ಹಾಕಿದ ಜಾಗವನ್ನು ನೋಡಿದಳು, ಸೊಸೆಯನ್ನು ನೋಡಿದಳು.

ಮಧ್ಯಾಹ್ನ ಊಟವಾಗಿ ಎಲ್ಲರೂ ಅವರವರ ಪಾಡಿಗೆ ಇದ್ದರು. ಕುರ್ಚಿಯ ಬೆನ್ನಿಗೆ ಇ‌ಸ್ತ್ರಿ ಮಾಡಿದ ಸಮವಸ್ತ್ರ ನೇತಾಡುತ್ತಿತ್ತು. ಕಂಡಕ್ಟರಮ್ಮ ಯಾರಿಗೂ ಹೇಳದೆ ಜಗಲಿಗೆ ಹೋಗಿ ಮನೆಯ ಮುಖ್ಯ ಸ್ವಿಚ್ಚು ಇಳಿಸಿ, ಅಡುಗೆಮನೆಗೆ ಬಂದು ನಿಂತಳು. ಗಂಟೆ ಹೊಡೆದುಕೊಂಡ ರಭಸಕ್ಕೆ ತಟ್ಟೆಗಳು ನಡುಗಿದವು. ಯಂತ್ರ ಗುಂಯ್ ಎನ್ನುತ್ತಲೇ ಇದೆ ಎಂದು ಅವಳಿಗೆ ಗೊತ್ತು, ಅತ್ತೆಯ ಉಸಿರಿಗೆ ಏನೂ ಆಗಿಲ್ಲ ಎಂದು ಗೊತ್ತು, ಸ್ವಿಚ್ಚು ಇಳಿಸಿದ್ದು ತಾನೇ. ಆದರೂ ಕಾಲು ಆಗಲೇ ಕೋಣೆಯ ಕಡೆ ಎದ್ದಿತ್ತು. ಅಡುಗೆ ಕಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಹೋಗಬೇಡ, ಹೋಗಬೇಡ ಎಂದು ತನಗೆ ತಾನೇ ಹೇಳಿಕೊಂಡಳು. ಗಂಟೆ ಬಾರಿಸುತ್ತಲೇ ಇತ್ತು. ಯಾರೂ ಬರಲಿಲ್ಲ. ಯಾರೂ ಬರುವುದೇ ಇಲ್ಲ ಎಂದುಕೊಂಡಳು.

ಆಮೇಲೆ ಮೆಟ್ಟಿಲ ಮೇಲೆ ದಡದಡ ಸದ್ದು. ಚಪ್ಪಲಿಯಿಲ್ಲದ ಕಾಲು, ಅದರ ಹಿಂದೆ ಇನ್ನೊಂದು ಜೊತೆ ಕಾಲು. ಹಾಲಿನಿಂದ ಗಂಡ, ಎಲ್ಲಿ, ಏನು, ಎಲ್ಲಿ ಎನ್ನುತ್ತಾ ಎಡವಿದ್ದು ಕೇಳಿಸಿತು. ಗಂಟೆ ನಿಂತಿತು. ಅತ್ತೆ, ಅತ್ತೆ, ಏನಾಯ್ತು ಎಂದು ಓರಗಿತ್ತಿ ಏದುಸಿರಿನಲ್ಲಿ ಕೇಳುತ್ತಿದ್ದಳು. ಕೊಳವೆಯಲ್ಲಿ ಚೆನ್ನಾಗಿ ಗಾಳಿ ಬರುತ್ತಿದ್ದರೂ ಅತ್ತೆ ದೊಡ್ಡದಾಗಿ ಉಸಿರು ಎಳೆದು ಎಳೆದು ಬಿಡುತ್ತಿದ್ದಳು. ಕೂತ್ಕೋ ಅಮ್ಮ, ಕೂತ್ಕೋ, ನಾವಿದ್ದೀವಿ ಎನ್ನುತ್ತಿದ್ದ ಮೈದುನ. ಯಾರೋ ಮಂಚದ ಬಳಿಗೆ ಕುರ್ಚಿ ಎಳೆದರು.

ಬಹಳ ಹೊತ್ತಾದ ಮೇಲೆ ಲೋಟ ಟಣ್ ಎಂದಿತು. ಕಂಡಕ್ಟರಮ್ಮ ಉಸಿರು ಹಿಡಿದು ನಿಂತಳು. ಒಂದು ಎಂದರೆ ಬಾ.

ಟಣ್.

ಎರಡು. ಹೊರಡು ಎಂಬ ಅದರ ಅರ್ಥ ಆ ಮನೆಯಲ್ಲಿ ಗೊತ್ತಿದ್ದದ್ದು ಇಬ್ಬರಿಗೇ. ಅವಳ ಕೈ ಮಾತ್ರ ಇನ್ನೂ ಅಡುಗೆ ಕಟ್ಟೆಯನ್ನು ಬಿಟ್ಟಿರಲಿಲ್ಲ.